ತೇಲಿದ ಹನಿ

ಕೊಂಕಣಿ ಕರಾವಳಿಯ ಫಾತೋರ್ಡಾದಲ್ಲಿ ನಾನಿರುವ ಓಣಿಗೆ ಬೆಳಿಗ್ಗೆ ಏಳೂವರೆಗೆ ಮೀನಿನ ಸ್ಕೂಟರ್ ಬರುತ್ತದೆ. ಮಳೆಗಾಲದಲ್ಲಿ ಇಲ್ಲಿಯ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಬೇರೆಲ್ಲಿಂದಲೋ ಐಸಿನಲ್ಲಿ ಹುದುಗಿ ಬರುತ್ತದೆ. ಮಾರಾಟ ಮುಗಿದ ಮೇಲೆ ಮೀನಿನವನು ಪೆಟ್ಟಿಗೆಯನ್ನು ನಮ್ಮ ಗೇಟಿನೆದುರಿನ ಗಟಾರಕ್ಕೆ ಬೋರಲು ಹಾಕುತ್ತಾನೆ. ರಕ್ತ, ಹುರುಪೆ ಅಂಟಿದ ಐಸು ಕಲ್ಲಿಗೆ ಬಡಿದು ಚೂರಾಗುತ್ತದೆ. ವಾಸನೆಗಿಂತ ಮೊದಲು ಆ ಸದ್ದು ನನ್ನ ಹಲ್ಲಿಗೆ ತಾಗುತ್ತದೆ. ಬಾಯಲ್ಲಿ ನೀರು ತುಂಬುತ್ತದೆ. ಅದು ಆಸೆಯ ನೀರಲ್ಲ, ವಾಂತಿಗೆ ಮುಂಚೆ ಬರುವ ನೀರು. ಕಿಟಕಿ ಮುಚ್ಚಿ ಒಳಗೆ ಬರುತ್ತೇನೆ.

ಆರು ವರ್ಷಗಳ ಹಿಂದೆ ಒಂದಿಡೀ ಮಳೆಗಾಲ ನಾನು ಐಸು ತಿಂದೆ.

ಆಗತಾನೇ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಸಡಾದ ಗುಡ್ಡದ ಮೇಲೆ, ಬಂದರಿನ ಕ್ರೇನುಗಳು ಕಾಣುವ ಸಾಲುಮನೆಗಳಲ್ಲಿ ನಮ್ಮದೊಂದು. ಅಪ್ಪ ಬಾಗಲಕೋಟೆಯ ಕಡೆಯಿಂದ ಬಂದು ಬಂದರಿನ ಕೂಲಿಗೆ ಸೇರಿದವರು. ಪ್ರಯೋಗಾಲಯದಲ್ಲಿ ಮಗಳಿಗೆ ಕೆಲಸ ಸಿಕ್ಕಿತೆಂದು ಅವ್ವ ಸಾಲಿನ ಎಲ್ಲ ಮನೆಗಳಿಗೂ ಸಕ್ಕರೆ ಹಂಚಿದ್ದಳು. ಕೆಲಸ ಒಂದು ಸಂಶೋಧನಾ ಯೋಜನೆಯ ಸಹಾಯಕಿಯದು, ಯೋಜನೆ ರಕ್ತಕೋಶಗಳದ್ದು.

ಮೂಳೆಯ ಮಜ್ಜೆಯಿಂದ ರಕ್ತಕ್ಕೆ ಬಂದ ಎಳೆಯ ಕೆಂಪು ಕೋಶದಲ್ಲಿ ಕೋಶಕೇಂದ್ರ ಇರುವುದಿಲ್ಲ. ಹೊಸ ಆಜ್ಞೆ ಬರೆಯುವ ಶಕ್ತಿ ಅದಕ್ಕಿಲ್ಲ. ಮೊದಲೇ ಬರೆದಿಟ್ಟ ಚೀಟಿಗಳು, ಅಂದರೆ ಎಂಆರ್‌ಎನ್‌ಎ, ಒಂದೆರಡು ದಿನದ ಮಟ್ಟಿಗೆ ಉಳಿದಿರುತ್ತವೆ. ಅವನ್ನು ಓದಿಯೇ ಕೋಶ ಗ್ಲೋಬಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಗ್ಲೋಬಿನ್ ಒಂದೇ ಸಾಲದು. ಅದರ ಮಡಿಲಲ್ಲಿ ಕಬ್ಬಿಣ ಹಿಡಿದ ಹೀಮ್ ಬಂದು ಕೂರಬೇಕು. ಕಬ್ಬಿಣವಿಲ್ಲದಾಗಲೂ ಕೋಶ ಚೀಟಿ ಓದುತ್ತಲೇ ಹೋದರೆ ಬರಿದೇ ಗ್ಲೋಬಿನ್ ಗಂಟುಗಂಟಾಗಿ ಒಳಗೇ ಕಸವಾಗುತ್ತದೆ. ಅದಕ್ಕಾಗಿ ಅಲ್ಲೊಂದು ಕಾವಲಿನ ಕಿಣ್ವವಿದೆ. ಹೀಮ್ ಕಡಿಮೆಯಾದ ಕೂಡಲೇ ಅದು ಓದನ್ನು ಶುರುಮಾಡುವ ಪ್ರೋಟೀನಿನ ಮೇಲೆ ಫಾಸ್ಫೇಟಿನ ಗುರುತು ಅಂಟಿಸುತ್ತದೆ. ಗುರುತು ಬಿದ್ದರೆ ಓದು ನಿಂತಂತೆ. ಕೋಶ ಚಿಕ್ಕದಾಗಿ, ಬಿಳಿಚಿಕೊಂಡು, ಹೇಗೋ ಬದುಕಿಕೊಳ್ಳುತ್ತದೆ. ಆರೋಗ್ಯ ಕೇಂದ್ರದಿಂದ ಕಬ್ಬಿಣದ ಗುಳಿಗೆ ಪಡೆಯುತ್ತಿದ್ದ ಸಡಾದ ಹೆಂಗಸರ ರಕ್ತದಲ್ಲಿ ಈ ತಡೆಯ ಗುರುತು ಎಷ್ಟಿದೆ ಎಂದು ನಾವು ಅಳೆಯಬೇಕಿತ್ತು.

ಯೋಜನೆಯ ಮುಖ್ಯಸ್ಥರಾಗಿದ್ದ ಸರ್ ನನ್ನನ್ನು ಆರಿಸಿದ್ದು ನನ್ನ ಅಂಕಗಳಿಗಾಗಿ ಎಂದು ನಾನು ತಿಳಿದಿದ್ದೆ. ಅವರಿಗೆ ಬೇಕಾಗಿದ್ದದ್ದು ಆ ಗುಡ್ಡದ ಬಾಗಿಲುಗಳನ್ನು ತೆರೆಸುವ ಒಬ್ಬಳು. ಇಪ್ಪತ್ತೆರಡು ಬಾಗಿಲು ತೆರೆಸಿದೆ.

ಮೊದಲು ಒಪ್ಪಿದವಳು ಪಕ್ಕದ ಮನೆಯ ಮಾಲನಬಿ. ನಾನು ಚಾಚಿ ಎನ್ನುತ್ತಿದ್ದೆ. ಇಂಡಿ ತಾಲ್ಲೂಕಿನವಳು, ಗಂಡ ಲಾರಿ ಚಾಲಕ. ಇವಳು ವೆರ್ಣಾದ ಔಷಧ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ವಿಭಾಗದಲ್ಲಿದ್ದಳು. ಜೂನ್ ಮೊದಲ ಭಾನುವಾರ ಅಂಗನವಾಡಿಯ ಕೋಣೆಯಲ್ಲಿ ಕುರ್ಚಿ ಹಾಕಿದೆವು. ಅವಳು ತೋಳು ಚಾಚಿ ಕೂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ನಮ್ಮ ಗುಡ್ಡದ ರಕ್ತ ಇಷ್ಟೆಲ್ಲಾ ಒಯ್ದು ಏನ ಸಾರು ಮಾಡ್ತಾರೇನ ಸುವರ್ಣಾ, ನಿಮ್ಮ ಸರ್?"

ಎಲ್ಲರೂ ನಕ್ಕರು. ಸೂಜಿಯ ಹೆದರಿಕೆ ಅಷ್ಟಕ್ಕೇ ಹೋಯಿತು. ನಾನು ಅವಳಿಗೆ ಕಾವಲಿನ ಕಿಣ್ವದ ಕಥೆಯನ್ನು ಹೇಳಲು ಹೋಗಿ ತಡವರಿಸಿದೆ. ಅರ್ಧಕ್ಕೇ ಅವಳು ತಲೆಯಾಡಿಸಿದಳು. "ತಿಳೀತ್ ಬಿಡು. ನಮ್ಮ ಲೈನಿನ್ಯಾಗ ಬಾಟ್ಲಿ ಮುಚ್ಚೂ ಬುಚ್ಚ ಬರಲಿಲ್ಲಂದ್ರ ಸೂಪರ್‌ವೈಜರ್ ಕೆಂಪ ಗುಂಡಿ ಒತ್ತತಾನ. ಇಲ್ಲಂದ್ರ ತುಂಬಿದ ಬಾಟ್ಲಿ ಎಲ್ಲಾ ಚೆಲ್ಲಿ ನೆಲಾ ಅಂಟಂಟ ಆಗತೈತಿ." ಎರಡು ವರ್ಷ ಓದಿ ನಾನು ಅದಕ್ಕಿಂತ ಚೆನ್ನಾಗಿ ಹೇಳಲು ಕಲಿತಿರಲಿಲ್ಲ.

ಆ ದಿನವೇ ಅವಳು ನನ್ನನ್ನು ಬದಿಗೆ ಕರೆದು ಇನ್ನೊಂದು ಮಾತು ಹೇಳಿದಳು. ಮುಟ್ಟು ನಿಲ್ಲುತ್ತಿರಲಿಲ್ಲ. ತಿಂಗಳಲ್ಲಿ ಹದಿನೈದು ದಿನ ಹೋಗುತ್ತಿತ್ತು. ಕೇಂದ್ರದ ನರ್ಸ್ ದೊಡ್ಡ ಆಸ್ಪತ್ರೆಗೆ ಹೋಗು ಎಂದಿದ್ದಳು. ಗಂಡನಿಗೂ ಅತ್ತೆಗೂ ಹೇಳಿರಲಿಲ್ಲ. ಆಸ್ಪತ್ರೆ ಎಂದರೆ ರಜೆ, ರಜೆ ಎಂದರೆ ಮನೆಯಲ್ಲಿ ಕಾರಣ ಹೇಳಬೇಕು. "ನಿಮ್ಮ ರಿಪೋರ್ಟ ಬರ್ಲಿ. ರಕ್ತ ಕೆಟ್ಟಿತ್ತಂದ್ರ ಹೋಗ್ತೀನಿ," ಎಂದಳು. ಸರಿ ಎಂದೆ. ನಮ್ಮ ಅಳತೆ ಚಿಕಿತ್ಸೆಗಲ್ಲ, ಪ್ರಬಂಧಕ್ಕೆ ಎಂಬುದು ನನಗೆ ಗೊತ್ತಿತ್ತು. ಆದರೂ ಸರಿ ಎಂದೆ.

ಪ್ರಯೋಗಾಲಯದ ಆ ಮೂರು ತಿಂಗಳನ್ನು ನೆನೆದರೆ ನನಗೆ ಮೊದಲು ಮೂಗಿನಲ್ಲಿ ನೆನಪಾಗುತ್ತದೆ. ಪ್ರೋಟೀನುಗಳನ್ನು ಬಿಡಿಸಲು ಹಾಕುವ ಒಂದು ದ್ರವ, ಹನಿ ಸಾಕು, ಕೊಳೆತ ಮೊಟ್ಟೆಯೊಳಗೆ ರಬ್ಬರು ಸುಟ್ಟ ಹಾಗೆ. ಅದು ಕೂದಲಿಗೆ ಹತ್ತಿಕೊಂಡು ಬಸ್ಸಿನವರೆಗೂ ಬರುತ್ತಿತ್ತು. ಪಕ್ಕದಲ್ಲಿ ಕೂತವರು ಮುಖ ತಿರುಗಿಸುತ್ತಿದ್ದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ, ವಾಸನೆ ಬೇರೆ ಯಾರದೋ ಎಂಬಂತೆ. ಪ್ರೋಟೀನು ಅಂಟಿಸಿದ ತೆಳುಹಾಳೆಯನ್ನು ಹಾಲಿನ ಪುಡಿ ಕಲಸಿದ ನೀರಿನಲ್ಲಿ ನೆನೆಸಬೇಕು. ಜುಲೈ ಸೆಕೆಯಲ್ಲಿ ಆ ಹಾಲು ಸಂಜೆಯೊಳಗೆ ಹುಳಿಯಾಗಿ, ತಟ್ಟೆಯ ಅಂಚಿಗೆ ಲೋಳೆ ಕಟ್ಟುತ್ತಿತ್ತು. ಸಿಂಕಿನಲ್ಲಿ ತೊಳೆದ ರಕ್ತ, ಮೇಲೆ ಸುರಿದ ಬ್ಲೀಚು, ಅದರ ಮೇಲೆ ಹುಳಿಹಾಲು. ಇವು ಮೂರೂ ಸೇರಿದ ವಾಸನೆಗೆ ಯಾವ ಭಾಷೆಯಲ್ಲೂ ಹೆಸರಿಲ್ಲ. ಇಲ್ಲದಿರುವುದೇ ಒಳ್ಳೆಯದು.

ನನ್ನನ್ನು ಕಾಪಾಡುತ್ತಿದ್ದದ್ದು ಐಸು. ಮೂಲೆಯಲ್ಲಿ ಒಂದು ಐಸ್ ಯಂತ್ರವಿತ್ತು, ರಕ್ತದ ನಳಿಕೆಗಳನ್ನು ತಂಪಾಗಿಡಲು. ಬೆಳಿಗ್ಗೆ ಬಂದವಳೇ, ಇನ್ನೂ ಯಾರೂ ಮುಟ್ಟದ ಮೇಲ್ಪದರವನ್ನು ಸ್ಟೀಲ್ ಚಮಚದಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮಧ್ಯಾಹ್ನ ಒಂದು ಲೋಟ. ಸಂಜೆ ಫ್ಲಾಸ್ಕಿನಲ್ಲಿ ಮನೆಗೆ. ಪ್ರಯೋಗಾಲಯದಲ್ಲಿ ಏನನ್ನೂ ತಿನ್ನಬಾರದೆಂಬ ನಿಯಮವನ್ನು ಗೋಡೆಯ ಮೇಲೆ ಬರೆದು ಅಂಟಿಸಿದವಳೇ ನಾನು. ಹಲ್ಲಿನ ನಡುವೆ ಅದು ಕಟಕ್ ಎಂದಾಗ ತಲೆಯೊಳಗಿನ ಮಂಕು ಸ್ವಲ್ಪ ಹೊತ್ತು ಸರಿಯುತ್ತಿತ್ತು. ಸೆಕೆಗೆ ಹೀಗೆ ಎಂದುಕೊಂಡಿದ್ದೆ.

ಇನ್ನು ಅಳತೆಯ ವಿಷಯ. ಪ್ರತಿ ಬಾರಿಯೂ ರೋಗಿಯ ರಕ್ತದ ಪಕ್ಕದಲ್ಲಿ ಆರೋಗ್ಯವಂತರ ರಕ್ತವನ್ನು ಇಟ್ಟು ಹೋಲಿಸಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅದರ ಗುರುತನ್ನು ಒಂದು ಎಂದು ಇಟ್ಟುಕೊಂಡು ಉಳಿದವರದು ಅದರ ಎಷ್ಟು ಪಟ್ಟು ಎಂದು ಲೆಕ್ಕ. ಹತ್ತು ವಿದ್ಯಾರ್ಥಿಗಳಿಂದ ರಕ್ತ ತೆಗೆಯುವ ಶಿಬಿರ ಮಳೆಯಿಂದಾಗಿ ಮುಂದೆ ಹೋಯಿತು. ಪ್ರಯೋಗಾಲಯಗಳಲ್ಲಿ ಇಂಥ ಹೊತ್ತಿಗೆ ಒಂದು ರೂಢಿ ಇದೆ: ಅಲ್ಲಿಯವರೇ ತೋಳು ಚಾಚುತ್ತಾರೆ. ಸರ್ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಪಿಎಚ್.ಡಿ. ಮಾಡುತ್ತಿದ್ದ ಸಹೋದ್ಯೋಗಿಗೆ ಸೂಜಿ ಕಂಡರೆ ತಲೆಸುತ್ತು. "ಸುವರ್ಣಾ ಇದ್ದಾಳಲ್ಲ, ಗಟ್ಟಿ ಹುಡುಗಿ," ಎಂದರು ಸರ್. ಧಾರವಾಡದವರು, ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ: ನನಗೆ ಹೆಮ್ಮೆಯಾಯಿತು. ಶಾಲೆಯಲ್ಲಿ ನನ್ನನ್ನು ಘಾಟಿ ಎಂದು ಕರೆಯುತ್ತಿದ್ದರು, ಘಟ್ಟದ ಮೇಲಿನಿಂದ ಬಂದ ಕೂಲಿಯವರ ಮಗಳು ಎಂಬ ಅರ್ಥದಲ್ಲಿ. ಈಗ ಪ್ರತಿ ಹಾಳೆಯ ಮೊದಲ ಸಾಲಿನಲ್ಲಿ ನನ್ನ ರಕ್ತ. ಅದರ ಕೆಳಗೆ ನನ್ನದೇ ಕೈಯಲ್ಲಿ ಬರೆದ 'ಒಂದು'. ಆ ಅಂಕಿಯನ್ನು ಬರೆಯುವಾಗ ನಾನು ಪೆನ್ನನ್ನು ಸ್ವಲ್ಪ ಒತ್ತುತ್ತಿದ್ದೆ.

ಹಿಮೋಗ್ಲೋಬಿನ್ ನೋಡುವ ಚಿಕ್ಕ ಯಂತ್ರವೂ ಇತ್ತು. ಅದರ ಪಟ್ಟಿಗಳು ತೇವ ಹಿಡಿದು ಹಾಳಾದವು. ಹೊಸದು ಬರುವವರೆಗೆ ಅದು ಬೇಡ, ಗುರುತು ನೋಡಿದರೆ ಸಾಕು ಎಂದರು ಸರ್. ನಾನೂ ಕೇಳಲಿಲ್ಲ.

ಜುಲೈ ಮಧ್ಯದಲ್ಲಿ ಇಪ್ಪತ್ತೆರಡು ಹೆಂಗಸರ ಅಂಕಿಗಳು ಬಂದವು. ಎಲ್ಲವೂ ಒಂದರ ಆಸುಪಾಸು. ಸರ್ ಅವನ್ನು ಎರಡು ಸಲ ಮೇಲಿಂದ ಕೆಳಗೆ ಓದಿದರು, ಆಮೇಲೆ ಮುಖ ಅರಳಿತು. ಇವರ ಕೋಶಗಳು ಕಡಿಮೆ ಕಬ್ಬಿಣಕ್ಕೆ ಹೊಂದಿಕೊಂಡಿವೆ, ಪ್ರೋಟೀನು ತಯಾರಿಕೆ ನಿಂತಿಲ್ಲ, ಕಷ್ಟದ ಬದುಕು ಜೀವಕೋಶದ ಮಟ್ಟದಲ್ಲೇ ಇವರನ್ನು ಗಟ್ಟಿ ಮಾಡಿದೆ, ಇದು ಹೊಸ ವಿಷಯ ಎಂದರು. ನಾನು ಆ ಸಿದ್ಧಾಂತವನ್ನು ಮೆಚ್ಚಿಕೊಂಡೆ. ನನ್ನ ಜನ ಗಟ್ಟಿ ಎಂದು ಕೇಳುವುದು ಹಿತವಾಗಿತ್ತು.

ಆ ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು. ಮಾಲನಬಿ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ನಡುನಡುವೆ ಒಂದು ಚಿಟಿಕೆ ಬಾಯಿಗೆ ಎಸೆದುಕೊಳ್ಳುತ್ತಿದ್ದಳು. ನಾನು ಪಕ್ಕದ ಕಟ್ಟೆಯ ಮೇಲೆ, ಕೈಯಲ್ಲಿ ಫ್ಲಾಸ್ಕು. ಅವಳು ತಲೆಯೆತ್ತಿದಳು.

"ನಾ ಅಕ್ಕಿ ತಿಂದ್ರ ನಮ್ಮತ್ತಿ ಬೈತಾಳ. ನೀ ಬರ್ಫ ಕಟಕಟ ಕಡದ್ರ ಯಾರೂ ಅನ್ನಂಗಿಲ್ಲೇನ ಬೇ?"

"ಸೆಕಿ ಚಾಚಿ."

"ಮಳ್ಯಾಗ ಸೆಕಿ. ಕಲತಾಕಿ ಅಲಾ ನೀ, ನಿನಗ ಬ್ಯಾರೇನ ಇರತೈತಿ."

ಇಬ್ಬರೂ ನಕ್ಕೆವು. ಆಮೇಲೆ ಅವಳು ರಿಪೋರ್ಟು ಕೇಳಿದಳು. ನಾನು ಬಾಯಲ್ಲಿದ್ದ ಐಸನ್ನು ನುಂಗಿ ಹೇಳಿದೆ: ಎಲ್ಲಾ ಚಲೋ ಐತಿ, ನಿನ್ನ ಲೈನ್ ಎಲ್ಲೂ ನಿಂತಿಲ್ಲ. ಅವಳ ಮುಖದಲ್ಲಿ ಆದ ಬದಲಾವಣೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಭುಜ ಇಳಿದವು, ಉಸಿರು ಬಿಟ್ಟಳು. ಆಸ್ಪತ್ರೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ವಾರದೊಳಗೆ ಸುದ್ದಿ ಎಲ್ಲ ಮನೆಗೂ ಮುಟ್ಟಿತು. ಕಬ್ಬಿಣದ ಗುಳಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಮೊದಲೇ ಯಾರಿಗೂ ಇಷ್ಟವಿರಲಿಲ್ಲ. ಖುಷಿಯಿಂದ ಬಿಟ್ಟರು. ಕೆಳಗಿನ ಸಾಲಿನ ತಗಡಿನ ಮನೆಯಲ್ಲಿದ್ದ ಗಂಗವ್ವ, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು, ನೀರು ತುಂಬಿದ ಕೊಡ ಇಳಿಸಿ ನಡುದಾರಿಯಲ್ಲಿ ನನ್ನನ್ನು ನಿಲ್ಲಿಸಿದಳು. "ಖರೇನ?" ಎಂದಳು. ಖರೇ ಎಂದೆ. ಎರಡು ಹೆಜ್ಜೆ ಹೋಗಿ ತಿರುಗಿ ಮತ್ತೆ ಕೇಳಿದಳು, "ಖರೇನ ಅಕ್ಕೋರ?" "ಖರೇನ ಗಂಗವ್ವಕ್ಕ," ಎಂದೆ.

ಆಗಸ್ಟ್ ಕೊನೆಯ ವಾರ, ವೆರ್ಣಾದಲ್ಲಿ ಕಂಪನಿಯ ಬಸ್ಸಿನಿಂದ ಇಳಿಯುವಾಗ ಮಾಲನಬಿ ಮೆಟ್ಟಿಲ ಮೇಲಿಂದ ಮುಂದಕ್ಕೆ ಬಿದ್ದಳು. ಜಾರಿ ಬಿದ್ದಳೆಂದು ಎಲ್ಲರೂ ಅಂದುಕೊಂಡರು. ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಅವಳ ಹಿಮೋಗ್ಲೋಬಿನ್ ಇರಬೇಕಾದುದರ ಅರ್ಧದಷ್ಟೂ ಇರಲಿಲ್ಲ. ಗರ್ಭಕೋಶದಲ್ಲಿ ಗಡ್ಡೆ. ತಕ್ಷಣ ರಕ್ತ ಬೇಕು, ದಾನಿಗಳನ್ನು ಕರೆತನ್ನಿ ಎಂದರು. ಗುಡ್ಡದಿಂದ ಏಳೆಂಟು ಜನ ಹೋದೆವು.

ರಕ್ತನಿಧಿಯಲ್ಲಿ ದಾನಿಯ ಬೆರಳು ಚುಚ್ಚಿ ಒಂದು ಹನಿಯನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಡುತ್ತಾರೆ. ರಕ್ತ ಗಟ್ಟಿಯಿದ್ದರೆ ಹನಿ ಮುಳುಗುತ್ತದೆ. ನನಗಿಂತ ಮುಂದಿದ್ದ ಕಂಪನಿಯ ಬಸ್ ಚಾಲಕನ ಹನಿ ಮಣಿಯ ಹಾಗೆ ತಳಕ್ಕಿಳಿಯಿತು. ನನ್ನದು ಸ್ವಲ್ಪ ಇಳಿದು, ಯೋಚಿಸಿದಂತೆ ನಿಂತು, ಮೇಲಕ್ಕೆ ಬಂದು ತೇಲಿತು. ತಂತ್ರಜ್ಞೆ ಇನ್ನೊಮ್ಮೆ ಚುಚ್ಚಿದಳು. ಅದೂ ತೇಲಿತು. ಅವಳು ಕೊಂಕಣಿಯಲ್ಲಿ, ತಲೆಯೆತ್ತದೆಯೇ, ಮಣ್ಣು, ಹಸಿ ಅಕ್ಕಿ, ಐಸು ಇಂಥದ್ದೇನಾದರೂ ತಿನ್ನುವ ಚಪಲವಿದೆಯೇ ಎಂದು ಕೇಳಿದಳು. ರಕ್ತದಲ್ಲಿ ಕಬ್ಬಿಣವಿಲ್ಲದವರಿಗೆ ಹಾಗಾಗುತ್ತದೆ, ಪಕ್ಕಕ್ಕೆ ಬನ್ನಿ, ಮುಂದಿನವರು ಎಂದಳು.

ಹೊರಗೆ ಬೆಂಚಿನ ಮೇಲೆ ಕೂತೆ. ಲೆಕ್ಕ ತಾನಾಗಿಯೇ ನಡೆಯಿತು. ನನ್ನ ಕೋಶಗಳಲ್ಲೂ ಕೆಂಪು ಗುಂಡಿ ಒತ್ತಿಯಾಗಿತ್ತು. ಆ ಹೆಂಗಸರ ಕೋಶಗಳಲ್ಲೂ ಒತ್ತಿಯಾಗಿತ್ತು. ನಿಂತ ಲೈನಿನ ಪಕ್ಕದಲ್ಲಿ ನಿಂತ ಲೈನನ್ನು ಇಟ್ಟು, ಎರಡೂ ಒಂದೇ ಸಮ ಇವೆ, ಆದ್ದರಿಂದ ಎರಡೂ ಓಡುತ್ತಿವೆ ಎಂದು ನಾನು ಬರೆದಿದ್ದೆ. ಅದೇ ಗುಡ್ಡ, ಅದೇ ಊಟ, ಊಟದ ಬೆನ್ನಿಗೇ ಕಬ್ಬಿಣವನ್ನು ಮೈಗೆ ಹತ್ತಗೊಡದ ಅದೇ ಕಡು ಚಹಾ. ನಾನು ಬೇರೆಯಾಗಿದ್ದೇನೆಂದು ಯಾಕೆ ಅಂದುಕೊಂಡೆ? ಎಂ.ಎಸ್ಸಿ. ರಕ್ತಕ್ಕೆ ಇಳಿಯುತ್ತದೆಯೇ?

ಮರುದಿನ ಸರ್‌ಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ನನ್ನ ಮಾತಿನ ನಡುವೆ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವರು ತೋರುಬೆರಳಿನಿಂದ ಆ ಮುದ್ದೆಯನ್ನು ಎತ್ತಿ ಬಾಯಿಗಿಟ್ಟುಕೊಂಡು, ಬೆರಳನ್ನು ಚೀಪಿಕೊಂಡರು. ಅವರಿಗೆ ಆಶ್ಚರ್ಯವಾಗಲಿಲ್ಲ, ಸ್ವಲ್ಪ ಬೇಸರವಾಯಿತು, ಅಷ್ಟೆ. ಸಮ್ಮೇಳನಕ್ಕೆ ಸಾರಾಂಶ ಕಳಿಸಿಯಾಗಿತ್ತು.

"ಕಂಟ್ರೋಲ್ ಅಂತ ಬರದದ್ದನ್ನ ತಗದು 'ಸ್ಥಳೀಯ ಆಧಾರ ಮಾದರಿ' ಅಂತ ಬರಿಯೋಣ," ಎಂದರು. "ಅಂಕಿ ಒಂದೂ ಬದಲಾಗೂದಿಲ್ಲ. ಸುಳ್ಳೂ ಆಗೂದಿಲ್ಲ."

ಆ ಹೆಂಗಸರಿಗೆ ತಪ್ಪು ಹೇಳಿದ್ದೇನೆ ಎಂದೆ. ಹೇಳು ಅಂತ ನಾ ಹೇಳಿರಲಿಲ್ಲವಲ್ಲ ಎಂದರು. ಅದು ನಿಜ. ಅವರು ಕೆಟ್ಟವರಲ್ಲ, ಒಮ್ಮೆ ಮಳೆಯಲ್ಲಿ ತಮ್ಮ ಕೊಡೆಯನ್ನು ನನಗೆ ಕೊಟ್ಟು ತಾವು ನೆನೆದುಕೊಂಡು ಹೋಗಿದ್ದರು. ಆ ಬೆರಳು ಮಾತ್ರ ನನ್ನ ಕಣ್ಣಿನಿಂದ ಹೋಗಿಲ್ಲ. ತೇವದ ತುದಿ, ಉಗುರಿನ ಸಂದಿಯಲ್ಲಿ ಬಿಸ್ಕತ್ತಿನ ಹಿಟ್ಟು. ಅದೇ ಬೆರಳಿನಿಂದ ಅವರು ಪರದೆಯ ಮೇಲಿನ ನನ್ನ 'ಒಂದು' ಅಂಕಿಯನ್ನು ತೋರಿಸುತ್ತಿದ್ದರು.

ಪ್ರಯೋಗಾಲಯದ ದಾಖಲೆ ಪುಸ್ತಕದ ಹಾಳೆಗಳಿಗೆ ಸಂಖ್ಯೆ ಇರುತ್ತದೆ, ಹರಿಯಲಾಗದು, ಬರೆದದ್ದನ್ನು ಅಳಿಸಲಾಗದು. ಆ ಮಧ್ಯಾಹ್ನ ಪ್ರತಿ ಪ್ರಯೋಗದ ಕೆಳಗೂ ಶಾಯಿಯಲ್ಲಿ, 'ಕಂಟ್ರೋಲ್ ರಕ್ತಹೀನ, ಹೋಲಿಕೆ ಸಿಂಧುವಲ್ಲ' ಎಂದು ಬರೆದು ಸಹಿ ಹಾಕಿದೆ. ಹತ್ತೊಂಬತ್ತು ಸಲ. ಬರೆಯುವಾಗ ಐಸ್ ಯಂತ್ರ ದುರಸ್ತಿಗೆ ಬಂದವನು ಅದರ ಹೊಟ್ಟೆ ಬಿಚ್ಚಿದ. ಐಸು ಉದುರುವ ಬಾಯಿಯಿಂದ ಅವನು ಒಂದು ಕಪ್ಪು ಲೋಳೆಯನ್ನು ಎಳೆದು ತೆಗೆದ, ಹಗ್ಗದಷ್ಟು ದಪ್ಪ, ಅದರಲ್ಲಿ ಜಿರಳೆಯ ಕಾಲುಗಳು. ಮೂರು ತಿಂಗಳಿಂದ ನಾನು ತಿಂದದ್ದು ಅದರ ಮೇಲಿಂದ ಜಾರಿ ಬಂದ ಐಸು. ಬಚ್ಚಲಿಗೆ ಓಡಿದೆ. ಬಾಯಿ ತೊಳೆದುಕೊಂಡು ಬಂದು ಉಳಿದ ಹಾಳೆಗಳಿಗೂ ಸಹಿ ಹಾಕಿದೆ. ಮತ್ತೆ ಆ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಆ ಪ್ರಬಂಧ ಅಚ್ಚಾಯಿತೋ ಇಲ್ಲವೋ ಎಂದು ಹುಡುಕಿಲ್ಲ. ಹುಡುಕದೆ ಇರುವುದೂ ಒಂದು ಹೇಡಿತನ ಎಂದು ಗೊತ್ತು.

ಮಾಲನಬಿಗೆ ಆ ಹೊತ್ತಿಗೆ ಬೇರೆಯವರ ರಕ್ತ ಏರಿತ್ತು. ತುಟಿಗಳಿಗೆ ಸ್ವಲ್ಪ ಬಣ್ಣ ಬಂದಿತ್ತು. ಹಾಸಿಗೆಯ ಪಕ್ಕ ನಿಂತುಕೊಂಡೇ ಹೇಳಿದೆ, ಏನಾಯಿತು, ಯಾಕಾಯಿತು. ಅವಳು ಛಾವಣಿಯ ಫ್ಯಾನನ್ನು ನೋಡುತ್ತ ಕೇಳಿದಳು.

"ಎರಡ ಬಾಟ್ಲಿಗೂ ಬುಚ್ಚ ಇದ್ದಿದ್ದಿಲ್ಲ," ಎಂದಳು ಕೊನೆಗೆ.

"ಹೌದು ಚಾಚಿ."

"ನೀ ಹೇಳಿದ ಮ್ಯಾಲ ಚಿಂತಿ ಬಿಟ್ಟ ಮಲಗಿದ್ನಿ ನೋಡು. ಭಾಳ ದಿವಸದ ಮ್ಯಾಲ ಅಂಥಾ ನಿದ್ದಿ." ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿದಳು, ಸೂಜಿ ಅಂಟಿಸಿದ ಕೈಯನ್ನೇ. "ಇಲ್ಲಿ ನನ್ನ ಮಾರಿ ನೋಡ್ಕೊಂತ ನಿಂದರಬ್ಯಾಡ. ಉಳದಾಕೇರ ಮನಿಗೆ ಹೋಗು. ರಿಪೋರ್ಟ ತಪ್ಪಾಗೇತಿ ಅಂದ್ರ ಯಾರೂ ಕಿವಿ ಕೊಡಂಗಿಲ್ಲ. ಮಾಲನಬಿ ಬಸ್ಸಿನ್ಯಾಗಿಂದ ಬಿದ್ಲು ಅಂತ ಹೇಳು. ಯಾಕ ಬಿದ್ಲು ಅಂತನೂ ಹೇಳು."

"ಅದನ್ನೂ?"

"ಅದನ್ನೂ. ಇನ್ನ ಮುಚ್ಚಿಟ್ಟ ಏನ ಮಾಡೂದೈತಿ."

ನಾಲ್ಕು ದಿನ ಮಳೆಯಲ್ಲಿ ಬಾಗಿಲಿಂದ ಬಾಗಿಲಿಗೆ ನಡೆದೆ. ಯಾರೊಂದಿಗೂ ಅಗತ್ಯಕ್ಕಿಂತ ಹೆಚ್ಚು ಮಾತಾಡದವಳು, ಮುಟ್ಟಿನ ಮಾತನ್ನು ಅವ್ವನೊಂದಿಗೂ ಆಡದವಳು, ಇಪ್ಪತ್ತೊಂದು ಹೊಸ್ತಿಲುಗಳ ಮುಂದೆ ನಿಂತು ಆ ಮಾತನ್ನು ಆಡಬೇಕಿತ್ತು. ಒಬ್ಬಳು ನಕ್ಕಳು. ಒಬ್ಬಳು, ರಕ್ತಾ ಒಯ್ಯೂಮುಂದ ಒಂದ ಮಾತ, ಈಗ ಒಂದ ಮಾತ, ಎಂದು ಬೈದಳು. ಒಬ್ಬಳು ಬಾಗಿಲು ಹಾಕಿದಳು. ಇಬ್ಬರು ಒಳಗೆ ಕರೆದು ಬಾಗಿಲು ಓರೆ ಮಾಡಿ, ತಮಗೂ ಹಾಗೇ ಹೋಗುತ್ತದೆ ಎಂದರು. ಗುಳಿಗೆಯನ್ನು ಚಹಾದ ಜೊತೆ ತೆಗೆದುಕೊಳ್ಳಬೇಡಿ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ ಎಂದು ಪ್ರತಿ ಮನೆಯಲ್ಲೂ ಹೇಳಿದೆ. ನಾನೂ ಹಾಗೇ ಶುರುಮಾಡಿದೆ. ಎರಡು ವಾರದಲ್ಲಿ ಐಸಿನ ಚಪಲ ಹೋಯಿತು, ಯಾರೋ ದೀಪ ಆರಿಸಿದ ಹಾಗೆ. ಅದು ಹೋದ ಜಾಗದಲ್ಲಿ ಈ ಓಕರಿಕೆ ಬಂದು ಕೂತಿತು.

ಮಾಲನಬಿಗೆ ಶಸ್ತ್ರಚಿಕಿತ್ಸೆಯಾಯಿತು. ಈಗಲೂ ಅದೇ ಬಸ್ಸಿನಲ್ಲಿ ವೆರ್ಣಾಕ್ಕೆ ಹೋಗುತ್ತಾಳೆ. ಕಳೆದ ತಿಂಗಳು ಸಡಾಕ್ಕೆ ಹೋದಾಗ ಅದೇ ಹೊಸ್ತಿಲಲ್ಲಿ ಮೊರ ಹಿಡಿದು ಕೂತಿದ್ದಳು. ಒಂದು ಅಕ್ಕಿಕಾಳನ್ನು ಎತ್ತಿ ಬೆಳಕಿಗೆ ಹಿಡಿದು, "ಥೂ, ಇದನ್ನ ಹಸೀದ ಹೆಂಗ ತಿಂತಿದ್ನೋ," ಎಂದು ಮುಖ ಕಿವಿಚಿದಳು. ನನಗೆ ಆ ಕಿವಿಚಿದ ಮುಖ ಇಷ್ಟವಾಯಿತು.

ಆದರೆ ಆ ನಾಲ್ಕು ದಿನಗಳಲ್ಲಿ ನಾನು ಹೋಗುವಷ್ಟರಲ್ಲೇ ಇಪ್ಪತ್ತೊಂದು ಹೊಸ್ತಿಲುಗಳಲ್ಲಿ ಒಂದು ಖಾಲಿಯಾಗಿತ್ತು. ಕಟ್ಟಡದ ಕೆಲಸ ಮುಗಿದು ಗಂಗವ್ವನ ಮನೆಯವರು ತಗಡುಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಪಕ್ಕದವರಿಗೆ ಗೊತ್ತಿರಲಿಲ್ಲ. ಫೋನು ಹತ್ತಲಿಲ್ಲ. ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಮಾತ್ರ ಗುರುತು ಹಾಕಿಲ್ಲ. ಫಾತೋರ್ಡಾದಲ್ಲಿ ಎಲ್ಲಿ ಹೊಸ ಕಟ್ಟಡ ಏಳುತ್ತಿದ್ದರೂ ನಾನು ನಿಂತು ಬುಟ್ಟಿ ಹೊತ್ತ ಹೆಂಗಸರ ಮುಖ ನೋಡುತ್ತೇನೆ. ಅವರು ಬೇರೆಯವರೇ ಆಗಿರುತ್ತಾರೆ.

ಮೀನಿನವನು ಪೆಟ್ಟಿಗೆ ಬೋರಲು ಹಾಕುತ್ತಾನೆ. ಕಿಟಕಿ ಮುಚ್ಚಿದರೂ ಸದ್ದು ಒಳಗೆ ಬರುತ್ತದೆ. ಎಲ್ಲೋ ಒಬ್ಬಳು ಮೂರನೆಯ ಮಹಡಿಗೆ ಜಲ್ಲಿ ಹೊತ್ತು ಏರುತ್ತ, ನಡುವೆ ನಿಂತು, ಗೋಡೆ ಹಿಡಿದು ಉಸಿರು ಎಳೆದುಕೊಳ್ಳುತ್ತಿರಬಹುದು. ಜೊತೆಗಾರ್ತಿ ಏನಾಯಿತೆಂದು ಕೇಳಿರಬಹುದು. ಏನಿಲ್ಲ, ನನ್ನ ರಕ್ತ ಚಲೋ ಐತಿ, ಕಲಿತ ಹುಡುಗಿ ನೋಡಿ ಹೇಳ್ಯಾಳ, ಎರಡು ಸಲ ಕೇಳೀನಿ, ಎಂದು ಅವಳು ಹೇಳಿ ಮತ್ತೆ ಮೇಲಕ್ಕೆ ಏರುತ್ತಿರಬಹುದು.